ಟಿಕೆಟ್ ಯಾವ ತಿಂಗಳಿಗೆ?

ಅಕ್ಕನ ಮಗ ಹೋದ ತಿಂಗಳು ಮಂಡ್ಯದಿಂದ ನಮ್ಮ ಮನೆಗೆ ಬಂದಿದ್ದ. ಕೆನಡಾದ ಕ್ಯಾಲ್ಗರಿಯಲ್ಲಿ ಕೆಲಸ ಸಿಕ್ಕಿದೆ. ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ಜೊತೆಗೇ ಕರೆದುಕೊಂಡು ಹೋಗುತ್ತಾನಂತೆ. ಕೂತವನೇ ಕೇಳಿದ, “ಮಾವ, ಜರ್ಕಿನ್ ಎಷ್ಟು ತಗೋಬೇಕು? ಬೈಲಕುಪ್ಪೆಗೆ ಹೋಗಿ ತರೋಣ ಅಂತಿದ್ದೀನಿ.”

“ಅದಿರಲಿ, ಟಿಕೆಟ್ ಯಾವ ತಿಂಗಳಿಗೆ?”

“ಜನವರಿ ಹತ್ತಕ್ಕೆ. ಮೂರೂ ಜನಕ್ಕೂ ಮಾಡಿಸಿಬಿಟ್ಟೆ.”

ನನ್ನ ಹೆಂಡತಿ ಅಡುಗೆಮನೆಯಿಂದಲೇ “ಅಯ್ಯೋ” ಅಂದಳು.

ಅದೇ ಕ್ಯಾಲ್ಗರಿಯಲ್ಲಿ ನಾನು ಮೂರೂವರೆ ಚಳಿಗಾಲ ಕಳೆದಿದ್ದೇನೆ. ಹೆಂಡತಿ, ಇಬ್ಬರು ಮಕ್ಕಳು ಮೂರು. ಅಮ್ಮ ಎರಡು. 2025ರ ಏಪ್ರಿಲ್‌ನಲ್ಲಿ ಎಲ್ಲರೂ ಮೈಸೂರಿಗೆ ವಾಪಸ್ ಬಂದೆವು. ಅವತ್ತು ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನಿಗೆ ಹೇಳಲು ಮರೆತದ್ದೂ ಸ್ವಲ್ಪ ಇದೆ.

ಬಟ್ಟೆಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಎಲ್ಲರೂ ಕೇಳುವುದು ಅದನ್ನೇ. ನಿಜ ಹೇಳಬೇಕೆಂದರೆ ಸುಲಭದ ವಿಷಯವೂ ಅದೇ. 2022ರ ಫೆಬ್ರವರಿಯಲ್ಲಿ ನಾನೊಬ್ಬನೇ ಹೊರಟಾಗ ಮೈಸೂರಿನಲ್ಲಿ ಜರ್ಕಿನ್, ಸ್ವೆಟರ್ ಅಂತ 22 ಸಾವಿರ ರೂಪಾಯಿ ಸುರಿದೆ. ಅವೆಲ್ಲ ಹೆಚ್ಚೆಂದರೆ ಊಟಿ, ಮಡಿಕೇರಿಗೆ ಆಗುವ ಬಟ್ಟೆ. ವಿಮಾನ ನಿಲ್ದಾಣದ ಬಾಗಿಲಿನಿಂದ ಟ್ಯಾಕ್ಸಿವರೆಗೆ ನಡೆಯುವಷ್ಟರಲ್ಲಿ ಅದು ಗೊತ್ತಾಯಿತು. ಮೂಗಿನೊಳಗಿನ ಕೂದಲು ಹೆಪ್ಪುಗಟ್ಟಿ ಸೂಜಿ ಹಾಗೆ ಚುಚ್ಚಿತು. ಎರಡೇ ದಿನಕ್ಕೆ ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋದೆ. ಆ ಊರಿನ ಚಳಿಗೆಂದೇ ಮಾಡಿದ ಒಳ್ಳೆಯ ಕೋಟು, ಇಲ್ಲಿ ಕೊಟ್ಟ ದುಡ್ಡಿನ ಕಾಲು ಭಾಗಕ್ಕೆ ಸಿಕ್ಕಿತು. ಮಕ್ಕಳಿಗಂತೂ ಹೊಸದು ಕೊಳ್ಳಲೇಬೇಡಿ. ವರ್ಷಕ್ಕೆ ಒಂದು ಸೈಜು ಬೆಳೆಯುತ್ತಾರೆ.

ಕೊಳ್ಳುವಾಗ ನಾನು ಕಲಿತದ್ದು ಇಷ್ಟು. ಬೂಟು ಒಂದು ಸೈಜು ದೊಡ್ಡದಿರಲಿ. ಉಣ್ಣೆಯ ಕಾಲುಚೀಲ ಹಾಕಿದ ಮೇಲೂ ಒಳಗೆ ಬೆರಳು ಆಡಬೇಕು. ಬಿಗಿಯಾದರೆ ಎಷ್ಟು ದಪ್ಪದ ಬೂಟಾದರೂ ಕಾಲು ಮರಗಟ್ಟುತ್ತದೆ. ಮಕ್ಕಳಿಗೆ ಐದು ಬೆರಳಿನ ಗ್ಲೌಸ್ ಬೇಡ. ನಾಲ್ಕೂ ಬೆರಳು ಒಟ್ಟಿಗೆ ಇರುವ ಚೀಲದಂಥದ್ದು ತೆಗೆದುಕೊಳ್ಳಿ, ಬೆರಳು ಬೆರಳಿಗೆ ಬಿಸಿ ಕೊಡುತ್ತದೆ. ಮೈಗೆ ಅಂಟುವ ಬಟ್ಟೆ ಮಾತ್ರ ಕಾಟನ್ ಆಗಬಾರದು. ನಮಗೆ ಕಾಟನ್ ಬನಿಯನ್ ಬಿಟ್ಟರೆ ಬೇರೆ ಗೊತ್ತಿಲ್ಲ, ಅಲ್ವಾ? ಅದು ಬೆವರು ಕುಡಿದು ಒದ್ದೆಯಾಗೇ ಇರುತ್ತದೆ, ನಿಂತ ತಕ್ಷಣ ನಡುಕ. ಉಣ್ಣೆಯದೋ ಪಾಲಿಯೆಸ್ಟರ್‌ದೋ ಥರ್ಮಲ್ ಬೇಕು. ಇಲ್ಲಿಂದ ಒಯ್ಯಬಹುದಾದದ್ದು ಮಂಕಿ ಕ್ಯಾಪ್. ಇಲ್ಲಿ ಅದನ್ನು ಹಾಕಿಕೊಂಡರೆ ನಗುತ್ತಾರೆ. ಅಲ್ಲಿ ಅದೇ ಟೋಪಿಗೆ ದೊಡ್ಡ ಹೆಸರಿಟ್ಟು ದುಬಾರಿಗೆ ಮಾರುತ್ತಾರೆ.

ಈಗ ತಿಂಗಳ ವಿಷಯ. ನನಗೆ ಕೆಲಸ ಫೆಬ್ರವರಿಯಲ್ಲಿ ಶುರುವಾಗಬೇಕಿತ್ತು, ಬೇರೆ ದಾರಿ ಇರಲಿಲ್ಲ. ಹೆಂಡತಿ, ಮಕ್ಕಳನ್ನು ಆಗಸ್ಟ್‌ನಲ್ಲಿ ಕರೆಸಿಕೊಂಡೆ. ಆಗ ಅದು ಮನೆ ಸಿಗದ ಕಾರಣಕ್ಕೆ ಆದ ತಡ. ಆದರೆ ನಾನು ಮಾಡಿದ ಕೆಲಸಗಳಲ್ಲಿ ಅದೇ ಅತ್ಯುತ್ತಮ ಕೆಲಸವಾಯಿತು. ಆಗಸ್ಟ್‌ನಲ್ಲಿ ಆ ಊರು ಮೈಸೂರಿನ ಡಿಸೆಂಬರ್ ಥರ. ಹಗಲು ಬಿಸಿಲು, ರಾತ್ರಿ ಸ್ವಲ್ಪ ಚಳಿ. ರಾತ್ರಿ ಒಂಬತ್ತಾದರೂ ಬೆಳಕು ಇರುತ್ತಿತ್ತು. ಮಕ್ಕಳು ಪಾರ್ಕು ನೋಡಿದರು, ಸ್ಕೂಲಿನ ದಾರಿ ಕಲಿತರು, ಪಕ್ಕದ ಮನೆಯವರ ನಾಯಿಯ ಹೆಸರು ಕಲಿತರು. ಸೆಪ್ಟೆಂಬರ್‌ನಲ್ಲಿ ಒಂದು ಬೆಳಗ್ಗೆ 5 ಡಿಗ್ರಿ ಇತ್ತು. ಮಗ ಗಡಗಡ ನಡುಗುತ್ತಾ ಸ್ಕೂಲಿಗೇ ಹೋಗಲ್ಲ ಅಂದ. ಮುಂದಿನ ಮಾರ್ಚ್‌ನಲ್ಲಿ ಅದೇ 5 ಡಿಗ್ರಿಗೆ ಅದೇ ಹುಡುಗ ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂದ. ಚಳಿ ಮೆಟ್ಟಿಲು ಮೆಟ್ಟಿಲಾಗಿ ಬಂದರೆ ಮೈ ಅದರ ಜೊತೆಗೇ ಇಳಿಯುತ್ತದೆ. ಜನವರಿಯಲ್ಲಿ ಹೋಗಿ ಇಳಿದರೆ ಮೇಲಿನಿಂದ ನೂಕಿದ ಹಾಗೆ. ನನ್ನನ್ನು ಹಾಗೇ ನೂಕಿದರು. ಮೊದಲ ತಿಂಗಳು ಕೆಲಸ ಬಿಟ್ಟರೆ ಹಾಸಿಗೆ, ಅಷ್ಟೇ ಬದುಕು.

ಆ ತಿಂಗಳು ಕೆಟ್ಟದ್ದಕ್ಕೆ ಮನೆಯೂ ಕಾರಣ. ಕಡಿಮೆ ಬಾಡಿಗೆ ಅಂತ ಒಂದು ಬೇಸ್‌ಮೆಂಟ್ ಹಿಡಿದಿದ್ದೆ. ಮನೆ ಬಿಸಿ ಮಾಡುವ ಫರ್ನೇಸ್‌ನ ಸ್ವಿಚ್ಚು ಮೇಲಿನ ಮಹಡಿಯಲ್ಲಿ, ಮಾಲೀಕರ ಕೈಯಲ್ಲಿ. ಅವರು ಕೆಲಸಕ್ಕೆ ಹೊರಟಾಗ ಗ್ಯಾಸ್ ಉಳಿಸಲು ತಗ್ಗಿಸಿ ಹೋಗುವರು. ರಾತ್ರಿ ಪಾಳಿ ಮುಗಿಸಿ ಮಲಗುವ ನಾನು ಹಗಲೆಲ್ಲಾ ನಡುಗುವುದು. ಕೇಳಿದರೆ “ಇನ್ನೊಂದು ಸ್ವೆಟರ್ ಹಾಕಿ” ಅನ್ನುವರು. ಅದಕ್ಕೇ ಹೇಳುವುದು, ಬಾಡಿಗೆ ನೂರು ಡಾಲರ್ ಜಾಸ್ತಿಯಾದರೂ ಸರಿ, ಆ ಸ್ವಿಚ್ಚು ನಿಮ್ಮ ಕೈಯಲ್ಲಿರುವ ಮನೆ ನೋಡಿ.

ಇನ್ನೊಂದು, ಕಿಟಕಿ ದಕ್ಷಿಣಕ್ಕಿರಲಿ. ಇದನ್ನು ಅಮ್ಮನಿಗೆ ಒಪ್ಪಿಸುವುದಕ್ಕೆ ಒಂದು ಡಿಸೆಂಬರ್ ಬೇಕಾಯಿತು. ದಕ್ಷಿಣ ದಿಕ್ಕಿನ ಮನೆ ಅಂದರೆ ನಮ್ಮ ಕಡೆ ಮೂಗು ಮುರಿಯುತ್ತಾರೆ. ಆದರೆ ಕ್ಯಾಲ್ಗರಿ ಇರುವುದು 51 ಡಿಗ್ರಿ ಉತ್ತರದಲ್ಲಿ. ಡಿಸೆಂಬರ್ ಕೊನೆಗೆ ಅಲ್ಲಿ ಹಗಲು ಸುಮಾರು 8 ಗಂಟೆ. ನಡು ಮಧ್ಯಾಹ್ನದಲ್ಲೂ ಸೂರ್ಯ ದಕ್ಷಿಣದ ದಿಗಂತದಿಂದ 15 ಡಿಗ್ರಿಯಷ್ಟೇ ಮೇಲೆ. ಮೈಸೂರಿನಲ್ಲಿ ಅದೇ ದಿನ 54 ಡಿಗ್ರಿ ಮೇಲಿರುತ್ತಾನೆ. ಉತ್ತರದ ಕಿಟಕಿಗೆ ಇಡೀ ಚಳಿಗಾಲ ಬಿಸಿಲೇ ಬೀಳುವುದಿಲ್ಲ. ದಕ್ಷಿಣದ ಕಿಟಕಿಯಲ್ಲಿ ಕೋಣೆಯ ಆಚೆ ಗೋಡೆಯವರೆಗೂ ಬಿಸಿಲು. ಅಮ್ಮ ಅಲ್ಲಿ ಚಾಪೆ ಹಾಸಿಕೊಂಡು, ಬಿಸಿಲು ಸರಿದ ಹಾಗೆಲ್ಲ ಚಾಪೆ ಸರಿಸುತ್ತಾ ಸೊಪ್ಪು ಬಿಡಿಸುತ್ತಿದ್ದರು. ವಾಸ್ತು ಮಾತು ಆಮೇಲೆ ಬರಲಿಲ್ಲ.

ಆ ಗಾಜಿನ ಹಿಂದಿನ ಬಿಸಿಲು ಮನಸ್ಸಿಗೆ ಸರಿ, ಮೂಳೆಗೆ ಸಾಲದು. ವಿಟಮಿನ್ ಡಿ ಮಾತ್ರೆ ಎಲ್ಲರೂ ತೆಗೆದುಕೊಂಡೆವು. ಕೆನಡಾ ಸರ್ಕಾರದ ಲೆಕ್ಕದಲ್ಲಿ ದೊಡ್ಡವರಿಗೆ 70 ವರ್ಷದವರೆಗೆ ದಿನಕ್ಕೆ 600 ಯೂನಿಟ್, ಅದಾದ ಮೇಲೆ 800. ನಮ್ಮಂಥ ಕಪ್ಪು ಮೈಬಣ್ಣದವರು ವೈದ್ಯರನ್ನು ಒಮ್ಮೆ ಕೇಳಿಬಿಡುವುದು ಒಳ್ಳೆಯದು.

ಇಷ್ಟೆಲ್ಲ ತಯಾರಿ ಮಾಡಿದರೂ ನಮ್ಮನ್ನು ಹಣ್ಣು ಮಾಡಿದ್ದು ಚಳಿಯಲ್ಲ, ಒಣಹವೆ. ಇದನ್ನು ಮಾತ್ರ ಯಾರೂ ಮೊದಲು ಹೇಳಿರಲಿಲ್ಲ. ನವೆಂಬರ್ ಒಂದು ರಾತ್ರಿ ಮಗಳ ದಿಂಬೆಲ್ಲ ರಕ್ತ. ಹೆಂಡತಿ ಹೆದರಿ ಅಳಲು ಶುರುಮಾಡಿದಳು. ನೋಡಿದರೆ ಮೂಗಿನೊಳಗೆ ಒಣಗಿ ಒಡೆದಿತ್ತು. ನನ್ನದು ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಹದಿನೈದು ವರ್ಷ ಮೆಂಟೆನೆನ್ಸ್ ಕೆಲಸ ಮಾಡಿದ ತಲೆ. ಕೂತು ಲೆಕ್ಕ ಹಾಕಿದೆ. ಮೈನಸ್ 25ರಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯುವ ನೀರು ಅರ್ಧ ಗ್ರಾಮಿನ ಆಸುಪಾಸು. 20 ಡಿಗ್ರಿಯಲ್ಲಿ ಅದೇ ಗಾಳಿ 17 ಗ್ರಾಂ ಹಿಡಿಯಬಲ್ಲದು. ಹೊರಗಿನ ಗಾಳಿಯನ್ನು ಒಳಗೆ ತಂದು ಸುಮ್ನೆ ಬಿಸಿ ಮಾಡಿದರೆ ಏನಾಗುತ್ತದೆ? ಬಾಯಾರಿದ ಗಾಳಿ. ಅದು ಮೂಗು, ತುಟಿ, ಹಿಮ್ಮಡಿ, ಮರದ ಬಾಗಿಲು, ಎಲ್ಲದರಿಂದಲೂ ನೀರು ಹೀರುತ್ತದೆ. ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಶಾಕ್ ಹೊಡೆಯುವುದಕ್ಕೂ ಇದೇ ಕಾರಣ.

ಫರ್ನೇಸ್‌ಗೆ ಜೋಡಿಸಿದ, ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ನಮ್ಮ ಮನೆಯಲ್ಲಿ ಇತ್ತು. ಅದರೊಳಗಿನ ಪ್ಯಾಡು ಸುಣ್ಣ ಕಟ್ಟಿ ಕಲ್ಲಾಗಿತ್ತು. ಬದಲಾಯಿಸಿದೆ. ಮಕ್ಕಳ ಕೋಣೆಗೆ ಇನ್ನೊಂದು ಚಿಕ್ಕದು ತಂದೆ. ಉತ್ಸಾಹದಲ್ಲಿ ಜಾಸ್ತಿ ತೇವ ಮಾಡಿದ್ದಕ್ಕೆ ಕಿಟಕಿ ಗಾಜಿನ ಒಳಗಡೆ ಐಸು ಕಟ್ಟಿ, ಕರಗಿ, ಚೌಕಟ್ಟಿನಲ್ಲಿ ಕಪ್ಪು ಬೂಷ್ಟು ಬಂತು. ಹೊರಗೆ ಚಳಿ ಜಾಸ್ತಿಯಾದಷ್ಟೂ ಒಳಗಿನ ತೇವ ತಗ್ಗಿಸಬೇಕು. ಗಾಜು ಬೆವರಲು ಶುರುವಾಯಿತೋ, ಒಂದು ಗೆರೆ ಇಳಿಸಬೇಕು. ಉಳಿದದ್ದಕ್ಕೆ ಅಮ್ಮನ ಮದ್ದೇ. ಶನಿವಾರ ಹರಳೆಣ್ಣೆ, ಉಳಿದ ದಿನ ಮೈ ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ. ಅದು 24 ಡಿಗ್ರಿ ಕೆಳಗೆ ಗಟ್ಟಿಯಾಗುವುದರಿಂದ ಅಲ್ಲಿ ಅದನ್ನು ಸುರಿದುಕೊಂಡ ನೆನಪೇ ಇಲ್ಲ, ಚಮಚದಲ್ಲಿ ಕೆರೆದುಕೊಳ್ಳುತ್ತಿದ್ದೆವು.

ದೋಸೆ ಹಿಟ್ಟು ಹುದುಗು ಬರಲು ಓವನ್ನಿನ ದೀಪ ಮಾತ್ರ ಹಾಕಿ ಒಳಗಿಡಿ. ಮೊಸರಿಗೂ ಅದೇ. ಇಲ್ಲಿನ ಮಿಕ್ಸಿ ಒಯ್ಯಬೇಡಿ, ಅಲ್ಲಿನ ಕರೆಂಟ್ 120 ವೋಲ್ಟ್.

ಅಮ್ಮ ಬಂದದ್ದು 2023ರ ಮೇನಲ್ಲಿ. ಅವರಿಗೆ ಆಗ 68. ಸೀರೆ ಬಿಡಲ್ಲ ಅಂತ ಮೊದಲೇ ಹೇಳಿದ್ದರು. ಬಿಡಿಸುವ ಗೋಜಿಗೆ ನಾವೂ ಹೋಗಲಿಲ್ಲ. ಒಳಲಂಗದ ಬದಲು ಒಳಗೆ ಉಣ್ಣೆಯ ಪೈಜಾಮ, ಸೀರೆ ಒಂದು ಗೇಣು ಮೇಲೆ, ಅದರ ಮೇಲೆ ಮೀನಖಂಡದವರೆಗೆ ಬರುವ ಕೋಟು, ಮೊಣಕಾಲ ಹತ್ತಿರ ಬರುವ ಬೂಟು. ನೆರಿಗೆಯ ಅಂಚು ಒದ್ದೆಯಾಗದಿದ್ದರೆ ಸಾಕು, ಉಳಿದದ್ದು ನಡೆಯುತ್ತದೆ.

ನಡಿಗೆಯ ವಿಷಯದಲ್ಲಿ ಅಮ್ಮ ನಮಗೇ ಪಾಠ ಮಾಡಿದರು. ಕ್ಯಾಲ್ಗರಿಯಲ್ಲಿ ಚಿನೂಕ್ ಅಂತ ಪಶ್ಚಿಮದ ಬೆಟ್ಟದ ಕಡೆಯಿಂದ ಬಿಸಿಗಾಳಿ ಬೀಸುತ್ತದೆ. ಕೆಲವೇ ಗಂಟೆಯಲ್ಲಿ ಇಪ್ಪತ್ತು ಡಿಗ್ರಿ ಏರುವುದೂ ಉಂಟು. ಜನ ಖುಷಿಪಡುತ್ತಾರೆ. ನನ್ನ ಹೆಂಡತಿಗೆ ಮಾತ್ರ ಅವತ್ತೆಲ್ಲ ತಲೆನೋವು. ಅಪಾಯ ಇರುವುದು ಮಾರನೆ ದಿನ. ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ, ಕಣ್ಣಿಗೆ ಕಾಣದ ಗಾಜಿನ ಪದರವಾಗುತ್ತದೆ. ನಾನು ಎರಡು ಸಲ ಬಿದ್ದೆ, ಹೆಂಡತಿ ಒಂದು ಸಲ. ಅಮ್ಮ ಒಮ್ಮೆಯೂ ಬೀಳಲಿಲ್ಲ. “ನೀರು ಬಿಟ್ಟ ಗದ್ದೆ ಬದುವಿನ ಮೇಲೆ ಹೆಂಗೆ ನಡೀತೀಯ? ಹಂಗೇ ನಡಿ” ಅಂದರು. ಚಿಕ್ಕ ಹೆಜ್ಜೆ, ಪಾದ ಪೂರ್ತಿ ಊರಬೇಕು, ಮೊಣಕಾಲು ಸಡಿಲ, ಕೈ ಜೇಬಿನಿಂದ ಹೊರಗೆ. ಅಲ್ಲಿನವರು ಇದನ್ನೇ ಪೆಂಗ್ವಿನ್ ನಡಿಗೆ ಅನ್ನುತ್ತಾರೆ. ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಸಿಗುತ್ತದೆ, ಅದನ್ನೂ ತಂದುಕೊಟ್ಟೆ. ಅಂದಹಾಗೆ, ಹಿಮ ನಿಂತ 24 ಗಂಟೆಯೊಳಗೆ ಮನೆ ಮುಂದಿನ ಕಾಲುದಾರಿ ಕೆರೆಯುವುದು ಆ ಊರಿನ ಕಾನೂನು. ಬಾಡಿಗೆ ಕರಾರಿನಲ್ಲಿ ಅದು ಯಾರ ಕೆಲಸ ಅಂತ ನೋಡಿಕೊಳ್ಳಿ.

ಒಂದು ರಾತ್ರಿಯ ಮಾತು ಹೇಳಲೇಬೇಕು. 2024ರ ಜನವರಿ 13, ಶನಿವಾರ. ಸಂಕ್ರಾಂತಿಗೆ ಎರಡು ದಿನ ಇತ್ತು. ಹೊರಗೆ ಮೈನಸ್ 30ಕ್ಕಿಂತ ಕೆಳಗೆ. ಗಾಳಿ ಸೇರಿ ಮೈನಸ್ 40 ಮುಟ್ಟಿದರೆ ತೆರೆದ ಚರ್ಮ 5–10 ನಿಮಿಷದಲ್ಲಿ ಮರಗಟ್ಟಿಹೋಗಬಹುದು. ಅಮ್ಮ ಎಳ್ಳು ಬೆಲ್ಲಕ್ಕೆ ಕಡಲೆಕಾಯಿ ಬೀಜ ಹುರಿಯುತ್ತಿದ್ದರು. ಏಳು ಗಂಟೆಗೆ ಸ್ವಲ್ಪ ಮುಂಚೆ ಮನೆಯ ಎಲ್ಲ ಫೋನುಗಳೂ ಒಟ್ಟಿಗೆ ಕಿರುಚಿದವು. ಆಲ್ಬರ್ಟಾ ಪ್ರಾಂತ್ಯಕ್ಕೆಲ್ಲ ತುರ್ತು ಸಂದೇಶ. ವಿದ್ಯುತ್ ಸಾಲುತ್ತಿಲ್ಲ, ಬೇಡದ ದೀಪ ಆರಿಸಿ, ಸ್ಟೌ ಬಳಸಬೇಡಿ, ಇಲ್ಲದಿದ್ದರೆ ಸರದಿಯಲ್ಲಿ ಕರೆಂಟ್ ತೆಗೆಯಬೇಕಾಗಬಹುದು ಅಂತ.

ಅಮ್ಮ ನಕ್ಕರು. “ಲೋಡ್ ಶೆಡ್ಡಿಂಗಾ? ಅದಕ್ಕೆ ಇಷ್ಟು ಗಲಾಟೆನಾ?” ಬಾಣಲೆ ಇಳಿಸಿ ಸ್ಟೌ ಆರಿಸಿದರು. ನನಗೆ ನಗು ಬರಲಿಲ್ಲ. ಫರ್ನೇಸ್ ಗ್ಯಾಸಿನದೇ ಆದರೂ ಅದರ ಕಿಡಿ, ಫ್ಯಾನು ಎಲ್ಲ ಕರೆಂಟಿನದು. ಕರೆಂಟ್ ಹೋದರೆ ಬಿಸಿಯೂ ಹೋಯಿತು. ಆಮೇಲೆ ಗೋಡೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯಲು ಹೆಚ್ಚು ಹೊತ್ತು ಬೇಡ. ಎಲ್ಲರನ್ನೂ ಒಂದೇ ಕೋಣೆಗೆ ಸೇರಿಸಿದೆ. ಮಂಡ್ಯದಿಂದ ಅಮ್ಮ ಹಟ ಮಾಡಿ ತಂದಿದ್ದ ಕಂಬಳಿ ಹೊರಬಂತು. ಮೇಣದ ಬತ್ತಿ ಹುಡುಕಿದೆ, ಒಂದೂ ಇರಲಿಲ್ಲ. ಕೆಲವೇ ನಿಮಿಷದಲ್ಲಿ ಜನ 150 ಮೆಗಾವ್ಯಾಟ್‌ನಷ್ಟು ಬಳಕೆ ಇಳಿಸಿದರಂತೆ, ಕರೆಂಟ್ ಹೋಗಲಿಲ್ಲ. ಮಾರನೆ ದಿನದಿಂದ ನಮ್ಮ ಮನೆಯಲ್ಲಿ ಚಳಿಗಾಲಕ್ಕೆ ಒಂದು ಡಬ್ಬ ಇತ್ತು. ಟಾರ್ಚು, ಬ್ಯಾಟರಿ, ನೀರು, ಬಿಸ್ಕೆಟ್ಟು. ಕಾರಿನ ಪೆಟ್ರೋಲು ಅರ್ಧಕ್ಕಿಂತ ಇಳಿಯಲು ಬಿಡಲಿಲ್ಲ. ಕಾರಿಗೆ ರಾತ್ರಿ ಕರೆಂಟ್ ವೈರು ಚುಚ್ಚಿ ಎಂಜಿನ್ ಬೆಚ್ಚಗಿಡುವುದನ್ನು ಮಾತ್ರ ಮೊದಲ ವರ್ಷವೇ ಕಲಿತಿದ್ದೆ. ಒಂದು ಬ್ಯಾಟರಿ ಸತ್ತ ಮೇಲೆ.

ಹುಡುಗ ಎಲ್ಲ ಕೇಳಿಸಿಕೊಂಡ. ಕೊನೆಗೆ, “ಹಂಗಾದ್ರೆ ಇವರಿಬ್ಬರನ್ನೂ ಆಗಸ್ಟ್‌ವರೆಗೂ ಬಿಟ್ಟು ಹೋಗು ಅಂತೀಯಾ ಮಾವ?” ಅಂದ. ಹೌದು ಅಂದೆ. ಅದು ಸುಲಭ ಅಂತ ಹೇಳಲಿಲ್ಲ. ನನ್ನ ಮಗ ಆ ಆರು ತಿಂಗಳಲ್ಲಿ ಫೋನಿನಲ್ಲಿ ನನ್ನ ಜೊತೆ ಮಾತು ನಿಲ್ಲಿಸಿದ್ದ. ಆಗಸ್ಟ್‌ನಲ್ಲಿ ವಿಮಾನ ನಿಲ್ದಾಣದಲ್ಲಿ ಅವರಮ್ಮನ ಹಿಂದೆ ಬಚ್ಚಿಟ್ಟುಕೊಂಡ.

ಅಟ್ಟದಿಂದ ಸೂಟ್‌ಕೇಸ್ ಇಳಿಸಿ ನಾಲ್ಕು ಮಂಕಿ ಕ್ಯಾಪು, ಬೂಟಿನ ಮುಳ್ಳಿನ ಪಟ್ಟಿ, ಮಗ ತೊಟ್ಟು ಬಿಟ್ಟ ಚಿಕ್ಕ ಕೋಟು ಕೊಟ್ಟು ಕಳಿಸಿದೆ. ಹೋದ ವಾರ ಅವನ ಹೆಂಡತಿ ಫೋನ್ ಮಾಡಿದ್ದಳು. ನನಗಲ್ಲ, ನನ್ನ ಹೆಂಡತಿಗೆ. ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತಾಡಿದರು. ಟಿಕೆಟ್ ಬದಲಾಯಿತೋ ಇಲ್ಲವೋ ಇನ್ನೂ ನನಗೆ ಯಾರೂ ಹೇಳಿಲ್ಲ.