ಸ್ಟೀರಾಯ್ಡ್ ನಿಲ್ಲಿಸಿ ಆಕ್ಸಿಜನ್ ಕೊಟ್ಟೆವು

ಐಎಲ್‌ಡಿ ಅಂದರೆ ಶ್ವಾಸಕೋಶದ ಗಾಳಿಚೀಲ, ಅದರ ಸುತ್ತಲಿನ ಅಂಗಾಂಶಕ್ಕೆ ಬರುವ ಅಪರೂಪದ ಕಾಯಿಲೆಗಳ ಗುಂಪು. ನನ್ನ ಹತ್ತಿರ ಬರುವ ಹೊತ್ತಿಗೆ ಇದಿರುವ ಮಕ್ಕಳ ಫೈಲ್ ದಪ್ಪಗಾಗಿರುತ್ತದೆ. ಮೊದಲು ನ್ಯುಮೋನಿಯಾ ಅಂತ ಆ್ಯಂಟಿಬಯಾಟಿಕ್, ಆಮೇಲೆ ಉಬ್ಬಸ ಅಂತ ನೆಬ್ಯುಲೈಸರ್. ಕೆಲವರಿಗೆ ಟಿಬಿ ಔಷಧಿಯೂ ಆಗಿರುತ್ತದೆ.

ಎಂಟು ತಿಂಗಳ ಒಂದು ಮಗುವಿನ ವಿಷಯ ಹೇಳುತ್ತೇನೆ. ಜ್ವರವಿಲ್ಲ, ಕೆಮ್ಮೂ ಅಷ್ಟಿಲ್ಲ, ನಗುತ್ತಾ ಆಡುತ್ತಿತ್ತು. ಆದರೆ ನಿದ್ದೆಯಲ್ಲೂ ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರು. ಪ್ರತಿ ಉಸಿರಿಗೂ ಪಕ್ಕೆ ಒಳಗೆ ಎಳೆಯುತ್ತಿತ್ತು. ಆಕ್ಸಿಮೀಟರ್‌ನಲ್ಲಿ ರಕ್ತದ ಆಕ್ಸಿಜನ್ ಶೇ 88. ತೂಕ ಏರುತ್ತಲೇ ಇರಲಿಲ್ಲ. ಸ್ಟೆತ್ ಇಟ್ಟರೆ ಉಬ್ಬಸದ ಸಿಳ್ಳೆ ಕೇಳಲಿಲ್ಲ. ಕಿವಿ ಹತ್ತಿರ ಕೂದಲು ಉಜ್ಜಿದಂಥ ಚರಚರ ಸದ್ದು.

ಹೃದಯದ ಎಕೋ, ಬೆವರಿನ ಕ್ಲೋರೈಡ್ (ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ ಇದೆಯಾ ಅಂತ ನೋಡಲು), ರೋಗನಿರೋಧಕ ಶಕ್ತಿ, ಹಾಲು ಶ್ವಾಸನಾಳಕ್ಕೆ ಹೋಗುತ್ತಿದೆಯಾ ಅನ್ನುವುದು, ಇಷ್ಟನ್ನು ಮೊದಲು ನೋಡಿದೆವು. ಎಲ್ಲ ಸರಿಯಿತ್ತು. ಆಮೇಲೆ ಸಿಟಿ ಸ್ಕ್ಯಾನ್. ಬಲ ಶ್ವಾಸಕೋಶದ ನಡುಭಾಗ, ಎಡದರಲ್ಲಿ ಅದಕ್ಕೆ ಸಮನಾದ ಲಿಂಗ್ಯುಲಾ ಎಂಬ ಭಾಗ, ಹೃದಯದ ಅಕ್ಕಪಕ್ಕ ಮಸುಕು. ಇದು ‘ನ್ಯೂರೋಎಂಡೋಕ್ರೈನ್ ಸೆಲ್ ಹೈಪರ್‌ಪ್ಲೇಸಿಯಾ ಆಫ್ ಇನ್ಫೆನ್ಸಿ’, ಚಿಕ್ಕದಾಗಿ ನೆಹಿ, ಎಳೆ ಮಕ್ಕಳಿಗೆ ಬರುವ ಒಂದು ಬಗೆಯ ಐಎಲ್‌ಡಿ. ಲಕ್ಷಣವೂ ಸ್ಕ್ಯಾನೂ ಇಷ್ಟು ಹೊಂದಿಕೊಂಡಾಗ ಎಳೆ ಮಗುವಿನ ಎದೆಗೆ ಕತ್ತರಿ ಹಾಕಿ ಬಯಾಪ್ಸಿ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ನೆಹಿಗೆ ಸ್ಟೀರಾಯ್ಡ್‌ನಿಂದ ಉಪಯೋಗವಿಲ್ಲ. ಈ ಮಗು ಆಗಲೇ ಅದನ್ನು ತಗೊಂಡು ಮುಖ ಊದಿಸಿಕೊಂಡಿತ್ತು. ಸ್ವಲ್ಪಸ್ವಲ್ಪವೇ ತಗ್ಗಿಸಿ ನಿಲ್ಲಿಸಿದೆವು. “ಹಾಗಾದ್ರೆ ಔಷಧಿನೇ ಇಲ್ವಾ ಡಾಕ್ಟ್ರೇ?” ಅಂತ ತಾಯಿ ಕೇಳಿದರು. ಆಕ್ಸಿಜನ್ನೇ ಔಷಧಿ ಅಂದೆ.

ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರವನ್ನು ಮನೆಗೆ ತರಿಸಿದೆವು. ನಿಮಿಷಕ್ಕೆ ಅರ್ಧ ಲೀಟರ್ ಸಾಕಾಯಿತು. ಕರೆಂಟ್ ಹೋದರೆ ಇರಲಿ ಅಂತ ಪಕ್ಕದಲ್ಲೇ ಒಂದು ಚಿಕ್ಕ ಸಿಲಿಂಡರ್. ಕೊಳವೆಯನ್ನು ಕತ್ತಿನ ಹಿಂದಿನಿಂದ ತಂದು ಬಟ್ಟೆಯೊಳಗೆ ಬೆನ್ನ ಕಡೆ ಇಳಿಸಬೇಕು, ಇಲ್ಲದಿದ್ದರೆ ಮಗು ಎಳೆದು ಹಾಕುತ್ತದೆ, ಕುತ್ತಿಗೆಗೂ ಸುತ್ತಿಕೊಳ್ಳಬಹುದು. ಟೇಪ್ ಅಂಟಿಸಿ ಕೆನ್ನೆಯ ಚರ್ಮ ಕಿತ್ತುಬರಬಾರದು ಅಂತ ಅದರ ಕೆಳಗೆ ಮೆತ್ತನೆ ಪಟ್ಟಿ ಹಾಕಲು ಅಜ್ಜಿಗೂ ಕಲಿಸಿದೆವು. ಆ ಕೋಣೆಯಲ್ಲಿ ದೀಪ, ಊದುಬತ್ತಿ, ಸೊಳ್ಳೆ ಕಾಯಿಲ್ ಯಾವುದೂ ಬೇಡ. ಕಟ್ಟಿಗೆ ಒಲೆಯ ಹೊಗೆಯಂತೂ ಬೇಡವೇ ಬೇಡ. ಉಸಿರಾಡುವುದಕ್ಕೇ ಮೈಯ ಶಕ್ತಿ ಖರ್ಚಾಗುವುದರಿಂದ ತುಪ್ಪ ಹಾಕಿದ ರಾಗಿ ಸರಿ, ಸ್ವಲ್ಪಸ್ವಲ್ಪ, ಮತ್ತೆಮತ್ತೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ.

ಮಕ್ಕಳಲ್ಲಿ ಬರುವ ಐಎಲ್‌ಡಿಗೆಲ್ಲ ಇದೇ ದಾರಿ ಅಂತ ಮಾತ್ರ ತಿಳಿಯಬೇಡಿ. ಎಬಿಸಿಎ3 ಜೀನ್ ದೋಷವಿದ್ದರೆ ಸ್ಟೀರಾಯ್ಡ್, ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟು ನೋಡುತ್ತೇವೆ, ಹೈಡ್ರಾಕ್ಸಿಕ್ಲೋರೋಕ್ವಿನ್ ಕಣ್ಣಿಗೆ ತೊಂದರೆ ಮಾಡಬಹುದಾದ್ದರಿಂದ ಜೊತೆಗೆ ಕಣ್ಣಿನ ಪರೀಕ್ಷೆ ತಪ್ಪಿಸುವಂತಿಲ್ಲ. ಅದಕ್ಕೇ ಅನುಮಾನವಿದ್ದಾಗ ಜೀನ್ ಪರೀಕ್ಷೆಗೆ ಬೇಗ ಕಳಿಸುತ್ತೇನೆ.

ಈ ಮಗುವಿಗೆ ಈಗ ಎರಡು ವರ್ಷ ದಾಟಿದೆ. ತೂಕ ಏರಿದೆ, ಹಗಲಿನ ಆಕ್ಸಿಜನ್ ಬಿಡಿಸಿದ್ದೇವೆ. ನೆಗಡಿಯಾದರೆ ಮತ್ತೆ ಬೇಕಾಗುತ್ತದೆ. ರಾತ್ರಿಯದ್ದು ಇನ್ನೂ ಇದೆ. ನಿದ್ದೆಯಲ್ಲಿ ಇಡೀ ರಾತ್ರಿ ಆಕ್ಸಿಮೀಟರ್ 93ಕ್ಕಿಂತ ಇಳಿಯದೆ ನಿಲ್ಲುವವರೆಗೂ ಅದನ್ನು ತೆಗೆಯುವುದಿಲ್ಲ.