ಹೂಜಿ ಗಿಡದ ಬೀಜ: ಹೂಳಬೇಡಿ, ಉದುರಿಸಿ

ನೆಪೆಂಥಿಸ್ ಅಂದರೆ ಹುಳ ಹಿಡಿಯುವ ಹೂಜಿ ಗಿಡ. ಅದರ ಬೀಜ ಮೊದಲ ಸಲ ಕೈಗೆ ಬಂದಾಗ ಇದು ಬೀಜವೋ ಕಸವೋ ಅನ್ನಿಸುತ್ತದೆ. ಒಣಗಿದ ದಾರದ ಎಳೆಯಷ್ಟು ಸಪೂರ, ನಡುವೆ ಸಣ್ಣದೊಂದು ಉಬ್ಬು. ಜೀವ ಇರುವುದು ಆ ಉಬ್ಬಿನಲ್ಲಿ. ಎರಡೂ ಕಡೆಯ ಬಾಲ ಗಾಳಿಯಲ್ಲಿ ಹಾರಲಿಕ್ಕೆ. ಹಾಗಾಗಿ ಬಿತ್ತುವ ಮುಂಚೆ ಫ್ಯಾನ್ ಆರಿಸಿ!

ಬೀಜವನ್ನು ಬೆಳಕಿಗೆ ಹಿಡಿದು ನೋಡಿ. ಉಬ್ಬು ಕಾಣದವು ಜೊಳ್ಳು, ಆಚೆ ಹಾಕಿ. ಬೀಜ ತಾಜಾ ಇರಲೇಬೇಕು. ಇದರ ಮೊಳೆಯುವ ಶಕ್ತಿ ಬೇಗ ಕುಗ್ಗುತ್ತದೆ, ವರ್ಷದ ಹಿಂದಿನ ಪೊಟ್ಟಣಕ್ಕೆ ಸುಮ್ನೆ ದುಡ್ಡು ಕೊಡಬೇಡಿ. ಮನೆಯ ಗಿಡದಿಂದಲೇ ಬೀಜ ತೆಗೆಯೋಣ ಅಂದರೆ ಒಂದು ಗಿಡ ಸಾಲದು. ಇದರಲ್ಲಿ ಗಂಡು, ಹೆಣ್ಣು ಗಿಡಗಳು ಬೇರೆ ಬೇರೆ.

ಮಣ್ಣು, ಗೊಬ್ಬರ ಎರಡೂ ಬೇಡ. ನೀರು ಹೀರಿ ಹಿಡಿದಿಟ್ಟುಕೊಳ್ಳುವ ಸ್ಫ್ಯಾಗ್ನಮ್ ಎಂಬ ಪಾಚಿಯನ್ನು ಒಣಗಿದ್ದು ತಂದು ಸಣ್ಣಗೆ ಕತ್ತರಿಸಿ, ಕುದಿಯುವ ನೀರು ಹುಯ್ದು ಆರಲು ಬಿಡಿ. ಬೂಸ್ಟು, ಹುಳದ ಮೊಟ್ಟೆಯ ಕಾಟ ಕಡಿಮೆಯಾಗುತ್ತದೆ. ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಅಷ್ಟು ತೇವ ಸಾಕು. ನೀರು ಮಳೆಯದ್ದು ಇಲ್ಲವೇ ಆರ್‌ಓದ್ದು. ಉಪ್ಪಿನಂಶ ಜಾಸ್ತಿ ಇರುವ ನೀರು ಈ ಗಿಡಕ್ಕೆ ವಿಷವೇ.

ಈಗ ಪಾಚಿಯನ್ನು ಒಂದು ಡಬ್ಬಿಗೆ ಹಾಕಿ, ಅದರ ಮೇಲೆ ಬೀಜ ಉದುರಿಸಿ. ಮುಚ್ಚಬೇಡಿ, ಒತ್ತಬೇಡಿ. ಮೊಳೆಯಲು ಬೆಳಕು ಬೇಕು. ಮೆಲ್ಲಗೆ ಸ್ಪ್ರೇ ಮಾಡಿದರೆ ತಾನಾಗಿ ಅಂಟಿಕೊಳ್ಳುತ್ತದೆ. ಡಬ್ಬಿಗೆ ಪಾರದರ್ಶಕ ಮುಚ್ಚಳ ಹಾಕಿ, ಚೆನ್ನಾಗಿ ಬೆಳಕಿರುವ ಆದರೆ ನೇರ ಬಿಸಿಲು ಬೀಳದ ಕಡೆ ಇಡಿ. ಮುಚ್ಚಿದ ಡಬ್ಬಿ ಬಿಸಿಲಲ್ಲಿ ಒಲೆಯಾಗುತ್ತದೆ, ಅಲ್ವಾ? ತಗ್ಗುನಾಡಿನ ಜಾತಿಗಳಿಗೆ 25ರಿಂದ 30 ಡಿಗ್ರಿ ಸರಿ. ಎತ್ತರದ ಬೆಟ್ಟದ ಜಾತಿಗಳಿಗೆ ರಾತ್ರಿ ತಂಪು ಬೇಕು.

ಮುಂದಿನದು ಕಾಯುವ ಕೆಲಸ. ಸಾಮಾನ್ಯವಾಗಿ 4ರಿಂದ 8 ವಾರ, ಕೆಲವಕ್ಕೆ ತಿಂಗಳುಗಟ್ಟಲೆ. ನಡುನಡುವೆ ಮುಚ್ಚಳ ತೆಗೆದು ಗಾಳಿಯಾಡಿಸಿ. ಬೂಸ್ಟು ಹಿಡಿದ ಬೀಜವನ್ನು ಚಿಮಟದಿಂದ ಎತ್ತಿಬಿಡಿ. ಒಂದೆರಡಕ್ಕೆ ಬೂಸ್ಟು ಬಂತೆಂದು ನಾನೊಮ್ಮೆ ಇಡೀ ಡಬ್ಬಿ ಚೆಲ್ಲಿದ್ದೆ. ಕಸದಬುಟ್ಟಿಯಲ್ಲಿ ನೋಡಿದರೆ ಪಾಚಿಯ ಅಡಿಯಲ್ಲಿ ಮೂರು ಹಸಿರು ಮೊಳಕೆ!

ಮೊದಲು ಬರುವುದು ಎರಡು ಬೀಜದೆಲೆ. ಅದರ ನಂತರದ ಎಲೆಯಲ್ಲೇ ಹೂಜಿ ಇರುತ್ತದೆ. ಗುಂಡುಸೂಜಿ ತಲೆಯಷ್ಟು ಗಾತ್ರ, ಆದರೂ ಬಾಯಿ, ಮುಚ್ಚಳ ಎಲ್ಲ ಉಂಟು. ಭೂತಗನ್ನಡಿ ಹಿಡಿದು ನೋಡಿ.

ನಾಲ್ಕೈದು ಎಲೆ ಬರುವ ತನಕ ಸಸಿ ಕೀಳಬೇಡಿ. ಡಬ್ಬಿಯ ಮುಚ್ಚಳವನ್ನು ದಿನಕ್ಕಿಷ್ಟು ಎಂದು ಎರಡು ವಾರದಲ್ಲಿ ಸರಿಸಿ. ಒಂದೇ ಸಲ ತೆಗೆದರೆ ಆ ಪುಟಾಣಿ ಹೂಜಿಗಳು ಒಣಗಿ ಮುದುಡಿಬಿಡುತ್ತವೆ.