ಲೆಟ್ಯೂಸ್ ಬೀಜವನ್ನು ಹೂಳಬೇಡಿ

‘ಲೆಟ್ಯೂಸ್ ಹುಟ್ಟಲೇ ಇಲ್ಲ’ ಎಂಬ ದೂರು ಚಿಕ್ಕಮಗಳೂರಿನ ಹಿತ್ತಿಲುಗಳಿಂದ ಪ್ರತಿ ಚಳಿಗಾಲವೂ ಕೇಳಿಬರುತ್ತದೆ. ಹೋಗಿ ನೋಡಿದರೆ, ಹುರುಳಿಕಾಯಿ ಬೀಜ ಊರಿದ ಹಾಗೆ ಬೆರಳಿನ ಗೆಣ್ಣಿನಷ್ಟು ಆಳಕ್ಕೆ ತಳ್ಳಿರುತ್ತಾರೆ.

ಹಂತ 1: ಮಳೆ ಹಿಂದೆಗೆದ ಮೇಲೆ, ನವೆಂಬರ್‌ನಲ್ಲಿ ಮಡಿ ಮಾಡಿ. ಕೆಂಪು ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ಕಾಫಿ ಸಿಪ್ಪೆ ಹಾಕುವವರು ಪೂರ್ತಿ ಕಳಿತದ್ದನ್ನೇ ಹಾಕಿ. ಉಂಡೆ ಕಟ್ಟುವ ಐಸ್‌ಬರ್ಗ್ ಮನೆಗೆ ಬೇಡ, ಬಿಡಿ ಎಲೆಯ ಜಾತಿಯನ್ನೇ ಕೊಳ್ಳಿ.

ಹಂತ 2: ಎಲ್ಲರೂ ಎಡವುವುದು ಇಲ್ಲೇ. ಈ ಬೀಜ ಮೊಳೆಯಲು ಬೆಳಕು ಬೇಕು. ಮಣ್ಣಿನ ಶಾಖ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಮೊಳೆಯದೆ ಸುಮ್ಮನೆ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ದಿನ ಫ್ರಿಜ್‌ನಲ್ಲಿಡಿ (ಫ್ರೀಜರ್‌ನಲ್ಲಲ್ಲ). ಮೊದಲು ಮಣ್ಣನ್ನು ನೆನೆಸಿ, ಸಂಜೆ ಹೊತ್ತು ಬೀಜವನ್ನು ಮೇಲೆಯೇ ಉದುರಿಸಿ, ಅಂಗೈಯಿಂದ ಒತ್ತಿ. ಮೇಲೆ ಜರಡಿ ಹಿಡಿದ ಗೊಬ್ಬರ ಚಿಟಿಕೆಯಷ್ಟು, ಬೀಜ ಅಲ್ಲಲ್ಲಿ ಕಾಣುವಂತಿರಲಿ. ನೀರನ್ನು ಸ್ಪ್ರೇ ಬಾಟಲಿಯಿಂದಲೇ ಕೊಡಿ. ಚೊಂಬಿನಿಂದ ಸುರಿದರೆ ಬೀಜವೆಲ್ಲ ಮೂಲೆಗೆ ಹೋಗಿ ಸೇರುತ್ತದೆ. ಮೊಳೆಯುವವರೆಗೆ ಮೇಲ್ಮಣ್ಣು ಒಣಗಬಾರದು, ಮಧ್ಯಾಹ್ನ ನೆರಳಿರಲಿ. ಅಗ್ಗದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಯಲ್ಲಿ ಉಪ್ಪಿನಂಶ ಉಳಿದಿರುವುದುಂಟು. ಎರಡು ಮೂರು ಸಲ ತೊಳೆಯದೆ ಬಳಸಬೇಡಿ. ಹಿಂದಿನ ವರ್ಷ ಬಾಯಿ ತೆರೆದಿಟ್ಟ ಬೀಜದ ಪೊಟ್ಟಣವನ್ನಂತೂ ನಂಬಲೇಬೇಡಿ.

ಹಂತ 3: ನಾಲ್ಕೈದು ಎಲೆ ಬಂದಾಗ ಗೇಣು ದೂರಕ್ಕೊಂದರಂತೆ ನಾಟಿ ಮಾಡಿ.

ಹಂತ 4: ಜೊತೆಗಾರರು. ಸಾಲುಗಳ ನಡುವೆ ಅಂದೇ ಮೂಲಂಗಿ ಬಿತ್ತಿ. ಲೆಟ್ಯೂಸ್ ಹರಡಿಕೊಳ್ಳುವ ಹೊತ್ತಿಗೆ ಅದನ್ನು ಕಿತ್ತು ಜಾಗ ಬಿಡಿಸಬಹುದು. ಅಂಚಿಗೆ ಈರುಳ್ಳಿ. ಪಡುವಣ ಬದಿಗೆ ಚಪ್ಪರದ ಹುರುಳಿಕಾಯಿ ಹಬ್ಬಿಸಿದರೆ ಇಳಿಬಿಸಿಲು ತಾಗದು. ಚೆಂಡುಹೂ ನೆಟ್ಟರೆ ಎಲ್ಲ ಹುಳವೂ ಓಡುತ್ತದೆ ಎಂಬ ಮಾತಿನ ಮೇಲೆ ನನಗೆ ನೆಚ್ಚಿಕೆಯಿಲ್ಲ. ಬದಲಿಗೆ ಸಬ್ಬಸಿಗೆಯನ್ನು ಹೂ ಬಿಡಲು ಬಿಡಿ: ಆ ಹೂವಿಗೆ ಬರುವ ಒಂದು ಬಗೆಯ ನೊಣದ ಮರಿಹುಳುಗಳು ಸಸ್ಯಹೇನುಗಳನ್ನು ತಿಂದು ಮುಗಿಸುತ್ತವೆ. ಬಸವನಹುಳುವಿಗೆ ಮಾತ್ರ ಯಾವ ಜೊತೆಗಿಡವೂ ಮದ್ದಲ್ಲ. ರಾತ್ರಿ ಟಾರ್ಚ್ ಹಿಡಿದು ಆರಿಸಬೇಕು.

ಹಂತ 5: ಬೆಳಿಗ್ಗೆ ಹೊರಗಿನ ಎಲೆಗಳನ್ನಷ್ಟೇ ಮುರಿಯಿರಿ, ಒಳಗಿನವು ಬೆಳೆಯುತ್ತಿರಲಿ. ತೊಳೆದು ನೀರು ಒರೆಸಿ, ನೆನೆದ ಹೆಸರುಬೇಳೆ, ತುರಿದ ಮೂಲಂಗಿ, ಕಾಯಿತುರಿಯೊಡನೆ ಕೋಸಂಬರಿ ಮಾಡಿ. ಒಗ್ಗರಣೆ ಆರಿರಬೇಕು, ಉಪ್ಪು, ನಿಂಬೆಹುಳಿ ಬಡಿಸುವಾಗ ಮಾತ್ರ. ಮೊದಲೇ ಬೆರೆಸಿದರೆ ಎಲೆ ಸೊರಗಿ ನೀರು ಬಿಡುತ್ತದೆ. ಮೇಯನೇಸ್ ಸುರಿಯುವವರು ಇಷ್ಟು ಕಷ್ಟಪಟ್ಟು ಬೆಳೆಯುವ ಅಗತ್ಯವೇ ಇಲ್ಲ.

ಬಿಸಿಲೇರಿ ನಡುದಂಟು ಉದ್ದವಾದರೆ ಎಲೆ ಕಹಿ. ಆಗ ಗಿಡಗಳನ್ನು ಕಿತ್ತುಬಿಡಿ, ಹೈಬ್ರಿಡ್ ಅಲ್ಲದಿದ್ದರೆ ಒಂದನ್ನು ಬೀಜಕ್ಕೆ ಉಳಿಸಿಕೊಳ್ಳಿ.